ಮಿಶ್ರಿ ಡಬ್ಬಿ ಮತ್ತು ನನ್ನ ಕೆಳತುಟಿ

ಎರಡು ವರ್ಷ ನಾನು ಬೆಳಿಗ್ಗೆ ಎದ್ದ ಕೂಡಲೇ ಯಾರೊಡನೆಯೂ ಮಾತಾಡಲಿಲ್ಲ. ಸಿಟ್ಟಿನಿಂದಲ್ಲ. ಸಿಟ್ಟು ಬಂದರೆ ಸುಮ್ಮನಿರುವ ಜಾತಿಯವಳು ನಾನಲ್ಲ. ನನ್ನ ತುಟಿಗಳೆರಡೂ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು, ಲಕೋಟೆಗೆ ಗೋಂದು ಹಚ್ಚಿ ಮುಚ್ಚಿದ ಹಾಗೆ. ಬಚ್ಚಲಿಗೆ ಹೋಗಿ, ಬೆರಳನ್ನು ನೀರಿನಲ್ಲಿ ಅದ್ದಿ, ತುಟಿಯ ಸಂದಿಯಲ್ಲಿ ಮೆಲ್ಲಗೆ ಆಡಿಸಿ ಬಿಡಿಸಬೇಕಿತ್ತು. ಅವಸರ ಮಾಡಿದರೆ ಸಿಪ್ಪೆ ಕಿತ್ತು ರಕ್ತ ಬರುತ್ತಿತ್ತು. ನನಗೋ ದಿನವೂ ಅವಸರವೇ. ಚಿದ್ರಿಯ ನಮ್ಮ ಮನೆಯಿಂದ ಬೀದರ ಬಸ್ ನಿಲ್ದಾಣಕ್ಕೆ ಆಟೋ, ಅಲ್ಲಿಂದ ಭಾಲ್ಕಿಗೆ ಬಸ್ಸು, ಭಾಲ್ಕಿಯಿಂದ ಸಾಯಗಾಂವ ದಾರಿಯ ಇನ್ನೊಂದು ಬಸ್ಸು. ಆ ದಾರಿಯಲ್ಲಿರುವ ಒಂದು ಸಣ್ಣ ಊರಿನ ಸರ್ಕಾರಿ ಶಾಲೆಯಲ್ಲಿ ನಾನು ಟೀಚರ್. ಪ್ರಾರ್ಥನೆಗೆ ಮೊದಲು ಅಲ್ಲಿರಬೇಕು. ಹೀಗಾಗಿ ವಾರದಲ್ಲಿ ಮೂರು ದಿನವಾದರೂ ರಕ್ತ ಬರುತ್ತಿತ್ತು.

ಶುರುವಾಗಿದ್ದು ಒಂದು ಬೇಸಿಗೆಯಲ್ಲಿ. ಕೆಳತುಟಿ ಸ್ವಲ್ಪ ದಪ್ಪಗಾಗಿದೆ ಅನಿಸಿತು. ಆಮೇಲೆ ಅದು ಮುಂದಕ್ಕೆ ಬಂತು, ಬಂದದ್ದು ಹೊರಕ್ಕೆ ಮಡಚಿಕೊಂಡಿತು. ಒಳಗಿನ ಕೆಂಪು ಹೊರಗೆ ಕಾಣತೊಡಗಿತು. ಕನ್ನಡಿಯಲ್ಲಿ ನೋಡಿಕೊಂಡರೆ ಯಾರ ಮೇಲೋ ಮುನಿಸಿಕೊಂಡ ಹುಡುಗಿಯ ಮುಖ. ಐವತ್ತರ ಹೊಸ್ತಿಲಲ್ಲಿ ನಿಂತ ಹೆಂಗಸಿಗೆ ಅಂಥ ಮುಖ ಶೋಭಿಸುವುದಿಲ್ಲ. ನನ್ನ ಗಂಡ ನೌಬಾದದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡವರು, ಮಾತು ಕಡಿಮೆ. ಅವರು ಒಂದು ತಿಂಗಳು ನೋಡಿ ನೋಡಿ ಕೊನೆಗೆ ಕೇಳಿದರು:

"ಯಾಕ, ನನ್ನ ಮ್ಯಾಲ ಏನರೆ ಸಿಟ್ಟದ ಏನು?"

"ಸಿಟ್ಟಿಲ್ರಿ, ತುಟಿ ಊದ್ಯಾದ," ಅಂದೆ. ಅವರಿಗೆ ನಿಜಕ್ಕೂ ಸಮಾಧಾನವಾಯಿತು. ನನಗೆ ಆಗಲೇ ಸಿಟ್ಟು ಬಂದದ್ದು.

ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ರೋಗ ಕಂಡುಹಿಡಿದಳು. "ಮಕ್ಕೊಂಡಾಗ ಹಲ್ಲಿ ಉಚ್ಚಿ ಹೊಯ್ದದ ನೋಡ್ರಿ. ಗೋಡಿ ಮಗ್ಗಲಿಗೆ ಮಕ್ಕೋಬ್ಯಾಡ್ರಿ." ನಾನು ವಿಜ್ಞಾನ ಕಲಿಸುವವಳು. ಆಕೆಗೆ ಹಲ್ಲಿಯ ಬಗ್ಗೆ ಒಂದು ಪಾಠ ಮಾಡಿದೆ. ಮಾಡಿದ ಮೇಲೂ ಹಾಸಿಗೆಯನ್ನು ಗೋಡೆಯಿಂದ ಒಂದು ಮೊಳ ದೂರ ಎಳೆದುಕೊಂಡೆ.

ಮೊದಲು ತೋರಿಸಿದ್ದು ಭಾಲ್ಕಿಯ ಒಬ್ಬ ಡಾಕ್ಟರಿಗೆ. ಅವರ ದವಾಖಾನೆ ಬಸ್ ನಿಲ್ದಾಣಕ್ಕೆ ಹತ್ತಿರವಿತ್ತು, ನಾನು ಅವರನ್ನು ಆರಿಸಿಕೊಳ್ಳಲು ಅಷ್ಟೇ ಕಾರಣ. ಅವರು ಬ್ಯಾಟರಿ ಹಿಡಿದು ನೋಡಿ, "ಉಷ್ಣ ಆಗ್ಯಾದರಿ. ಖಾರ ಕಮ್ಮಿ ಮಾಡ್ರಿ," ಎಂದು ಗುಳಿಗೆ ಬರೆದರು. ಬರೆಯುತ್ತಲೇ, "ತಂಬಾಕ, ಗುಟ್ಕಾ ಏನರೆ ಚಟ ಅದ ಏನ್ರಿ?" ಎಂದು ಕೇಳಿದರು.

"ನಾ ಸಾಲಿ ಟೀಚರ್ ಇದ್ದೇನ್ರಿ," ಅಂದೆ. ಅವರು ತಲೆ ತಗ್ಗಿಸಿ ಬರವಣಿಗೆ ಮುಂದುವರಿಸಿದರು.

ಆರು ತಿಂಗಳಾದ ಮೇಲೆ ಬೀದರದಲ್ಲಿ ಚರ್ಮದ ಡಾಕ್ಟರು. ಅವರು ದೂರದಿಂದಲೇ ನೋಡಿ ಲಿಪ್‌ಸ್ಟಿಕ್ ಅಲರ್ಜಿ ಎಂದರು. ನನ್ನ ಮದುವೆಯಲ್ಲೂ ನಾನು ಲಿಪ್‌ಸ್ಟಿಕ್ ಹಚ್ಚಿದವಳಲ್ಲ. ಹೇಳಿದೆ. "ಹಂಗಾರ ಮತ್ತೇನರೆ ಹಚ್ಚೀರಿ," ಎಂದರು. ಅವರೂ ತಂಬಾಕಿನ ಪ್ರಶ್ನೆ ಕೇಳಿದರು, ಅವರಿಗೂ ಅದೇ ಉತ್ತರ ಕೊಟ್ಟೆ, ಈ ಸಲ ಇನ್ನೂ ಸ್ವಲ್ಪ ಬಿರುಸಾಗಿ. ಮೂರನೆಯವರು ಸರ್ಪಸುತ್ತು ಜಾತಿಯದ್ದು ಇರಬಹುದು ಎಂದು ಒಂದು ಮುಲಾಮು ಕೊಟ್ಟರು. ಹಚ್ಚಿದೆ. ತುಟಿ ತನ್ನ ಪಾಡಿಗೆ ಊದುತ್ತಲೇ ಹೋಯಿತು.

ತಂಬಾಕಿನ ಪ್ರಶ್ನೆಗೆ ನನಗೆ ಅಷ್ಟು ರೋಷ ಬರಲು ಕಾರಣವಿತ್ತು. ಪ್ರತಿ ವರ್ಷ ತಂಬಾಕು ವಿರೋಧಿ ಪ್ರತಿಜ್ಞೆಯನ್ನು ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವವಳು ನಾನೇ. ಬಲಗೈ ಮುಂದೆ ಚಾಚಿ ನಾನು ಒಂದೊಂದೇ ಸಾಲು ಹೇಳಿದರೆ ಮಕ್ಕಳು ಹಿಂದಿನಿಂದ ಕೂಗುತ್ತವೆ. ಗುಟ್ಕಾ ಬಾಯಲ್ಲಿಟ್ಟುಕೊಂಡು ಮಗಳ ವರ್ಗಾವಣೆ ಪತ್ರ ಕೇಳಲು ಬಂದ ಒಬ್ಬ ತಂದೆಯನ್ನು ಗೇಟಿನ ಹೊರಗೆ ಕಳಿಸಿ, ಬಾಯಿ ತೊಳೆದುಕೊಂಡು ಬಂದ ಮೇಲೆಯೇ ಒಳಗೆ ಬಿಟ್ಟಿದ್ದೆ. ಆ ಊರಿನಲ್ಲಿ ಇವತ್ತಿಗೂ ಗಂಡಸರು ನನ್ನನ್ನು ಕಂಡರೆ ಮುಖ ತಿರುಗಿಸಿ ಉಗಿದು ಬರುತ್ತಾರೆ. ನನಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು.

ಔರಾದ ತಾಲೂಕಿನ ನನ್ನ ತವರಿನಲ್ಲೂ ಯಾರಿಗೂ ಚಟವಿರಲಿಲ್ಲ. ಎರಡು ಹಿಂಡು ಕುರಿ, ಮಳೆ ನಂಬಿದ ಹೊಲ, ತೊಗರಿ, ಜೋಳ. ಬೆಳಿಗ್ಗೆ ಎದ್ದು ಬಾಯಿ ಶುದ್ಧ ಮಾಡಿಕೊಂಡು, ಸ್ನಾನ ಮಾಡಿ, ವಿಭೂತಿ ಧರಿಸಿ ಲಿಂಗಪೂಜೆ ಆಗುವ ತನಕ ಹೆಂಗಸರು ಹನಿ ನೀರೂ ಕುಡಿಯುತ್ತಿರಲಿಲ್ಲ. ಬಾಯಿ ಶುದ್ಧ ಮಾಡುವುದು ಮಿಶ್ರಿಯಿಂದ. ಎಲೆಯನ್ನು ಹೆಂಚಿನ ಮೇಲೆ ಕರ್ರಗಾಗುವಂತೆ ಹುರಿದು, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿಡುತ್ತಾರೆ. ಅದೇ ಮಿಶ್ರಿ. ತೋರುಬೆರಳಿನಿಂದ ಹಲ್ಲಿಗೂ ವಸಡಿಗೂ ಹಚ್ಚಿ, ಸ್ವಲ್ಪ ಹೊತ್ತು ತುಟಿಯೊಳಗೇ ಬಿಟ್ಟು, ಆಮೇಲೆ ಬಾಯಿ ಮುಕ್ಕಳಿಸುವುದು. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ದವಡೆ ಹಲ್ಲು ನೋಯುತ್ತದೆಂದು ಅತ್ತಿದ್ದೆ. ಅವ್ವ ತನ್ನ ಬೆರಳಿನಿಂದಲೇ ನನ್ನ ಬಾಯಿಗೆ ಮಿಶ್ರಿ ಹಚ್ಚಿದಳು. ನೋವು ನಿಂತಿತು. ಅಂದಿನಿಂದ ನಲವತ್ತು ವರ್ಷ ನಾನು ಅದರಿಂದಲೇ ಹಲ್ಲು ತಿಕ್ಕಿದೆ, ಮದುವೆಯಾಗಿ ಬೀದರಕ್ಕೆ ಬಂದ ಮೇಲೂ. ಅವ್ವ ಹುರಿದು ಡಬ್ಬಿ ತುಂಬಿ ಔರಾದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದಳು, ನಾನು ಬೀದರ ನಿಲ್ದಾಣದಲ್ಲಿ ಇಸಿದುಕೊಳ್ಳುತ್ತಿದ್ದೆ. ತಿಂಗಳಿಗೊಂದು ಡಬ್ಬಿ. ತವರಿನ ಉಡುಗೊರೆ ಅಂದರೆ ನನಗೆ ಅದೇ.

ತುಟಿ ನೋಯುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ನಮ್ಮ ಸೋದರತ್ತೆಗೂ ಮೊದಲು ನೋಯುತ್ತಿರಲಿಲ್ಲ.

ಸೋದರತ್ತೆ, ಅಂದರೆ ಅಪ್ಪನ ತಂಗಿ, ಗಂಡ ಸತ್ತ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ದಿನಾ ಬೆಳಿಗ್ಗೆ ಅವ್ವ ಮತ್ತು ಅವಳು ಬಚ್ಚಲ ಕಲ್ಲಿನ ಮೇಲೆ ಅಕ್ಕಪಕ್ಕ ಕುಳಿತು ಒಂದೇ ಡಬ್ಬಿಯಿಂದ ಮಿಶ್ರಿ ಹಚ್ಚಿಕೊಳ್ಳುತ್ತ ಊರ ಸುದ್ದಿ ಮಾತಾಡುತ್ತಿದ್ದರು. ನಾನು ಶಿಕ್ಷಕಿ ತರಬೇತಿಗೆ ಹೋದ ವರ್ಷ ಅವಳ ಬಾಯಲ್ಲಿ ಹುಣ್ಣಾಯಿತು. ಹುಣ್ಣು ಎಂದೇ ನಾವು ಕರೆದೆವು, ಕೊನೆಯವರೆಗೂ. ಕೆನ್ನೆಗೆ ತೂತು ಬಿದ್ದ ಮೇಲೂ ಮನೆಯಲ್ಲಿ ಯಾರೂ ಇನ್ನೊಂದು ಹೆಸರು ಹೇಳಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ನನ್ನೊಡನೆ ಮಾತಾಡುತ್ತಿದ್ದಳು. ಅದು ನಮ್ಮ ವಂಶದ ರಕ್ತದಲ್ಲಿದೆ ಎಂದು ನಾನು ತೀರ್ಮಾನಿಸಿಕೊಂಡಿದ್ದೆ. ಈಗ ನನ್ನ ಸರದಿ ಬಂದಿದೆ ಎಂದು ಆ ಎರಡು ವರ್ಷ ಯಾರಿಗೂ ಹೇಳದೆ ನಂಬಿದ್ದೆ.

ಹಾಗಾಗಿ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಪಾಠದ ನಡುವೆ ಹೊರಗೆ ಹೋಗಿ ಫೋನಿನ ಕ್ಯಾಮೆರಾದಲ್ಲಿ ತುಟಿ ನೋಡಿಕೊಂಡು ಬರುತ್ತಿದ್ದೆ. ಅದರ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಕೆಂಪು ಚುಕ್ಕೆಗಳಿದ್ದವು, ಹನ್ನೆರಡೋ ಹದಿಮೂರೋ. ದಿನಾ ಎಣಿಸುತ್ತಿದ್ದೆ. ಒಂದು ದಿನ ಹದಿನಾಲ್ಕು ಬಂದರೆ ಅವತ್ತು ಮಕ್ಕಳಿಗೆ ಬೈಗುಳ ಖಚಿತ. ನಾಲಿಗೆ ಬೇರೆ ಸುಮ್ಮನಿರದು, ತುಟಿಯನ್ನು ಸವರುತ್ತಲೇ ಇರುತ್ತಿತ್ತು. ಫೋನಿನಲ್ಲಿ ತುಟಿ ಊತ ಎಂದು ಹುಡುಕಿದರೆ ಐದನೇ ಸಾಲಿಗೆ ಕ್ಯಾನ್ಸರ್ ಎಂದು ಬರುತ್ತಿತ್ತು. ಗಂಡನಿಗೆ ತೋರಿಸದೆ ಅಳಿಸಿ ಹಾಕುತ್ತಿದ್ದೆ.

ಕೊನೆಗೆ ನನ್ನನ್ನು ಸರಿಯಾದ ಕುರ್ಚಿಯಲ್ಲಿ ಕೂರಿಸಿದ್ದು ತುಟಿಯಲ್ಲ, ಒಂದು ಹುಳುಕು ಹಲ್ಲು. ಅದನ್ನು ತೆಗೆಸಲು ಬೀದರದ ಹಲ್ಲಿನ ಕಾಲೇಜಿನ ದವಾಖಾನೆಗೆ ಹೋದೆ. ಅಲ್ಲಿದ್ದ ಡಾಕ್ಟರ್ ನನ್ನ ಮಗಳಾಗಬಹುದಾದ ವಯಸ್ಸಿನ ಹುಡುಗಿ. ಮುಖಕ್ಕೆ ದೀಪ ತಿರುಗಿಸಿದವಳು ಹಲ್ಲು ನೋಡಲೇ ಇಲ್ಲ.

"ಈ ತುಟಿ ಎಷ್ಟ ದಿವಸದಿಂದ ಹಿಂಗದರಿ?"

"ಎರಡ ವರ್ಷ ಆತ್ರಿ. ಅದಿರಲಿ, ಹಲ್ಲ ನೋಡ್ರಿ."

"ಹಲ್ಲ ಎಲ್ಲಿ ಹೋಗಂಗಿಲ್ರಿ. ಜರಾ ಸುಮ್ಮ ಕೂಡ್ರಿ."

ನನಗೆ ಸುಮ್ಮನೆ ಕೂರು ಎಂದು ಹೇಳಿ ಯಾರೂ ಗೆದ್ದಿಲ್ಲ. ಆ ಹುಡುಗಿ ಗೆದ್ದಳು. ನನ್ನ ಕೆಳತುಟಿಯನ್ನು ಹೊರಗೆ ಮಡಚಿ, ಬಿಳಿ ಬಟ್ಟೆಯ ತುಂಡಿನಿಂದ ಒತ್ತಿ ಒತ್ತಿ ಒಣಗಿಸಿದಳು. ಆಮೇಲೆ ಕೈ ಹಾಗೆಯೇ ಹಿಡಿದು ಏನೂ ಮಾಡದೆ ಕಾಯ್ದಳು. ನನ್ನ ಕೈಗೆ ಒಂದು ಕನ್ನಡಿ ಕೊಟ್ಟಳು. ನೋಡುತ್ತಿದ್ದಂತೆ ಆ ಕೆಂಪು ಚುಕ್ಕೆಗಳ ಮೇಲೆ ಒಂದೊಂದು ಹನಿ ಮೂಡತೊಡಗಿತು, ಸ್ವಚ್ಛ ನೀರಿನಂಥ ಹನಿ. ಮೊದಲು ಎಡಗಡೆ ಎರಡು, ನಡುವೆ ಒಂದು, ಆಮೇಲೆ ಸಾಲಾಗಿ ಎಲ್ಲ ಕಡೆ. ಅವಳು ಬೆರಳಿನಿಂದ ತುಟಿಯನ್ನು ಮೆಲ್ಲಗೆ ಹಿಂಡಿದಳು. ಹನಿಗಳು ಅಂಟಂಟಾಗಿ ದಪ್ಪಗಾದವು. ಎರಡು ವರ್ಷ ನಾನು ಎಣಿಸಿದ್ದು ಹುಣ್ಣುಗಳನ್ನಲ್ಲ, ಬಾಯಿಗಳನ್ನು. ನನ್ನ ತುಟಿಯಲ್ಲಿ ಅಷ್ಟು ಸಣ್ಣ ಸಣ್ಣ ಬಾಯಿಗಳು ತೆರೆದುಕೊಂಡಿದ್ದವು.

"ತುಟಿ ಒಳಗ ಜೊಲ್ಲಿನ ಸಣ್ಣ ಗ್ರಂಥಿ ಇರ್ತಾವರಿ, ಎಲ್ಲರಿಗೂ," ಎಂದಳು. "ನಿಮ್ಮವು ಊದ್ಯಾವ, ಬಾಯಿ ಅಗಲ ಆಗ್ಯಾವ. ಅದಕ್ಕ ಮುಂಜಾನಿ ತುಟಿ ಅಂಟ್ತಾವ. ಅಂಟ್ತಾವಲ್ರಿ?"

ನಾನು ತಲೆಯಾಡಿಸಿದೆ. ಅಂಟುವ ಸಂಗತಿಯನ್ನು ನಾನು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಅವರು ಕೇಳಿರಲೂ ಇಲ್ಲ. ನನಗೆ ಕುರ್ಚಿಯಲ್ಲೇ ಅಳು ಬಂತು, ತುಟಿ ಅವಳ ಬೆರಳಿನಲ್ಲಿದ್ದುದರಿಂದ ಸರಿಯಾಗಿ ಅಳಲೂ ಆಗಲಿಲ್ಲ.

ಅವಳು ತನ್ನ ಹಿರಿಯ ಡಾಕ್ಟರನ್ನು ಕರೆದಳು. ಅವರು ಬಗ್ಗಿ ನೋಡಿ, ಇದು ಬಹಳ ಅಪರೂಪದ್ದು, ತಾವು ಇಷ್ಟು ವರ್ಷದಲ್ಲಿ ಪುಸ್ತಕದಲ್ಲಿ ಮಾತ್ರ ನೋಡಿದ್ದು ಎಂದರು. ಆಮೇಲೆ ಕಲಿಯುವ ಹುಡುಗ ಹುಡುಗಿಯರು ಐದಾರು ಮಂದಿ ಬಂದು ಸುತ್ತ ನಿಂತರು. ನಲವತ್ತು ಮಕ್ಕಳ ಕಣ್ಣು ದಿನವೂ ನನ್ನ ಮೇಲಿರುತ್ತದೆ, ಅದು ನನಗೆ ಹೊಸದಲ್ಲ. ಆದರೆ ಅಲ್ಲಿ ನಾನು ಟೀಚರ್ ಆಗಿರಲಿಲ್ಲ, ಕರಿ ಹಲಗೆ ಆಗಿದ್ದೆ. ಹಿರಿಯರು ನನ್ನ ತುಟಿ ತೋರಿಸುತ್ತ ಅವರಿಗೆ ಹೇಳಿದ್ದನ್ನೆಲ್ಲ ನಾನೂ ಕೇಳಿಸಿಕೊಂಡೆ. ಬಿಸಿಲು, ತುಟಿಯನ್ನು ಸದಾ ನೆಕ್ಕುವುದು, ತಂಬಾಕು, ಇಂಥದ್ದೇ ಕಾರಣ ಎಂದು ಖಚಿತವಾಗಿ ಹೇಳಲಾಗದು, ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗಬಹುದು, ಈಗಾಗಲೇ ಆಗಿದೆಯೋ ಇಲ್ಲವೋ ಎಂದು ತಿಳಿಯಲು ತುಂಡು ತೆಗೆದು ಪರೀಕ್ಷೆ ಮಾಡಲೇಬೇಕು. ಆ ಮಾತನ್ನು ಒಬ್ಬ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಅವರೆಲ್ಲ ಹೋದ ಮೇಲೆ ನನ್ನ ಡಾಕ್ಟರ್ ಕಾಗದ ತೆಗೆದುಕೊಂಡು ಕುಳಿತಳು. ಬಿಸಿಲಿನಲ್ಲಿ ಓಡಾಟವೇ ಎಂದು ಕೇಳಿದಳು. ಚಿಕ್ಕವಳಿದ್ದಾಗ ಕುರಿ ಹಿಂದೆ ತಿರುಗಿದ್ದು, ಈಗ ಬಸ್ಸಿಳಿದು ಶಾಲೆಗೆ ನಡೆಯುವುದು ಎಲ್ಲ ಹೇಳಿದೆ. ಮುಂದಿನ ಪ್ರಶ್ನೆ ನನಗೆ ಗೊತ್ತಿತ್ತು. ಬೆನ್ನು ನೆಟ್ಟಗೆ ಮಾಡಿ ಉತ್ತರ ಸಿದ್ಧವಾಗಿಟ್ಟುಕೊಂಡೆ. ಆದರೆ ಅವಳು ಆ ಪ್ರಶ್ನೆ ಕೇಳಲಿಲ್ಲ.

"ಹಲ್ಲ ಯಾದರಿಂದ ತಿಕ್ಕತೀರಿ?"

"ಮಿಶ್ರಿಯಿಂದರಿ. ನಮ್ಮ ಅವ್ವ ಮನ್ಯಾಗೇ ಮಾಡಿ ಕಳಸ್ತಾಳ."

"ಯಾದರಿಂದ ಮಾಡ್ತಾರರಿ ಅದು?"

"ಎಲಿ ಹುರಿದು."

"ಯಾದರ ಎಲಿ?"

ಹೇಳಲೆಂದು ಬಾಯಿ ತೆರೆದೆ. ಯಾವುದರ ಎಲೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಂತೆಯಿಂದ ಅಪ್ಪ ಆ ಎಲೆಯ ಕಟ್ಟು ತರುವಾಗ ಅದರ ಹೆಸರು ಹೇಳಿಯೇ ತರುತ್ತಿದ್ದ. ಹುರಿಯುವಾಗ ಮನೆ ತುಂಬ ಸೀನು. ಆದರೆ ಹೆಂಚಿನಿಂದ ಇಳಿದ ಮೇಲೆ ಅದು ಮಿಶ್ರಿ. ಬಾಯಿ ತೊಳೆಯುವ ಪುಡಿ. ಪೂಜೆಗೆ ಮೊದಲಿನ ಶುದ್ಧಿ. ತಂಬಾಕು ಅಂದರೆ ಗಂಡಸರು ಅಗಿದು ಗೋಡೆಗೆ ಉಗಿಯುವುದು, ಅದು ಚಟ. ಇದು ಹಲ್ಲುಜ್ಜುವುದು. ನಲವತ್ತು ವರ್ಷ ಈ ಎರಡೂ ನನ್ನ ತಲೆಯಲ್ಲಿ ಒಂದನ್ನೊಂದು ಭೇಟಿಯಾಗಿರಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಬಾಯೊಳಗೆ ತಂಬಾಕು ಇಟ್ಟುಕೊಂಡು, ಹತ್ತಕ್ಕೆ ಮಕ್ಕಳಿಗೆ ತಂಬಾಕು ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸಿದ ಹೆಂಗಸು ನಾನು.

"ನಾಚಬ್ಯಾಡ್ರಿ," ಎಂದಳು ಆ ಹುಡುಗಿ. "ನಮ್ಮ ಅಜ್ಜಿನೂ ಹಚ್ತಿದ್ದಳು. ತಂಬಾಕ ತಿಂತಿ ಏನು ಅಂದ್ರ ನನ್ನ ಹೊಡ್ಯಾಕ ಬರ್ತಿದ್ದಳು. ಅದಕ್ಕ ನಾ ಹಿಂಗ ಕೇಳ್ತೇನ್ರಿ."

ನಾನು ನಾಚಿಕೊಂಡಿರಲಿಲ್ಲ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ.

ತುಟಿಗೆ ಸೂಜಿ ಚುಚ್ಚಿ ಮರಗಟ್ಟಿಸಿ, ಅಕ್ಕಿಕಾಳಿನಷ್ಟು ತುಂಡು ತೆಗೆದು ಎರಡು ಹೊಲಿಗೆ ಹಾಕಿದರು. ಹತ್ತು ದಿನ ಬಿಟ್ಟು ಬರಲು ಹೇಳಿದರು. ಆ ಹತ್ತು ದಿನ ನಾನು ಮನುಷ್ಯಳಾಗಿರಲಿಲ್ಲ. ಶಾಲೆಗೆ ರಜೆ ಹಾಕಿ ಮನೆಯಲ್ಲಿ ಕೂತರೆ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ. ರಜೆ ರದ್ದು ಮಾಡಿ ಶಾಲೆಗೆ ಹೋದರೆ ಮಕ್ಕಳು ನನ್ನ ಹೊಲಿಗೆಯನ್ನು ನೋಡುತ್ತ ಪಾಠ ಮರೆಯುತ್ತಿದ್ದವು. ಗಂಡ ದಿನಾ ಮಧ್ಯಾಹ್ನ ನೌಬಾದದಿಂದ ಊಟದ ನೆಪದಲ್ಲಿ ಬಂದು ನನ್ನ ಮುಖ ನೋಡಿ ಹೋಗುತ್ತಿದ್ದರು. ಅವರಿಗೆ ಈಗ ಎಲ್ಲ ಹೇಳಿದ್ದೆ. ಅವರು ಒಂದೇ ಮಾತು ಹೇಳುತ್ತಿದ್ದರು: "ಫಿಕರ್ ಮಾಡಬ್ಯಾಡ." ಹೇಳುವಾಗ ಅವರ ಕೈಯಲ್ಲಿ ರೊಟ್ಟಿ ಹಾಗೆಯೇ ಇರುತ್ತಿತ್ತು.

ನಾಲ್ಕನೆಯ ದಿನ ಅವ್ವನ ಫೋನು ಬಂತು. ಅವಳಿಗೆ ನಾನು ಏನೂ ತಿಳಿಸಿರಲಿಲ್ಲ. ಅಣ್ಣನ ಮನೆಯಲ್ಲಿ ಮೊಮ್ಮಕ್ಕಳ ನಡುವೆ ಅವಳು ಸುಖವಾಗಿದ್ದಳು, ಸೋದರತ್ತೆಯನ್ನು ಕೊನೆಯವರೆಗೂ ನೋಡಿಕೊಂಡವಳು ಅವಳೇ.

"ಡಬ್ಬಿ ಕಳಿಸೇನಿ, ಹತ್ತರ ಬಸ್ಸಿನ್ಯಾಗ. ಈ ಸಲದ ಎಲಿ ಭಾಳ ಚಲೋ ಅದ."

ನಿಲ್ದಾಣಕ್ಕೆ ಹೋಗಿ ಇಸಿದುಕೊಂಡೆ. ಕಂಡಕ್ಟರ್ ಡಬ್ಬಿ ಕೈಗಿಟ್ಟು, ಅವ್ವ ಚೆನ್ನಾಗಿದ್ದಾಳೆ ಎಂದು ಹೇಳಿ ಚಹಾಕ್ಕೆ ಹೋದ. ಹಳೆಯ ಅಲ್ಯೂಮಿನಿಯಂ ಡಬ್ಬಿ, ಬಾಯಿಗೆ ಬಟ್ಟೆ ಕಟ್ಟಿದೆ. ಅದನ್ನು ಹಿಡಿದು ಮನೆಗೆ ಹೋಗುವ ಬದಲು ನಾನು ಅದೇ ಬಸ್ಸು ಹತ್ತಿ ಕುಳಿತೆ. ಅವ್ವನ ಮುಂದೆ ಡಬ್ಬಿ ಇಟ್ಟು, ನೋಡು ನೀನು ಏನು ಮಾಡಿದೆ ಎಂದು ಕೇಳಬೇಕು ಅನಿಸಿತ್ತು. ಬಸ್ಸು ಹೊರಟಿತು. ಸಂತಪುರ ಬರುವ ಹೊತ್ತಿಗೆ ನನ್ನ ಎದುರಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡ ಸೋದರತ್ತೆಯೇ ಕಾಣತೊಡಗಿದಳು. ಹೊಲಿಗೆ ಹಾಕಿದ ಈ ತುಟಿಯನ್ನು ಅವ್ವನಿಗೆ ಹೇಗೆ ತೋರಿಸಲಿ? ಸಂತಪುರದಲ್ಲಿ ಇಳಿದು, ಬಿಸಿಲಲ್ಲಿ ಅರ್ಧ ಗಂಟೆ ನಿಂತು, ತಿರುಗಿ ಬೀದರ ಬಸ್ಸು ಹಿಡಿದೆ. ಡಬ್ಬಿಯನ್ನು ಮನೆಯ ಅಟ್ಟದ ಮೇಲೆ ಎಸೆದೆ, ಹಳೆಯ ಡಬ್ಬಿಯ ತಳದಲ್ಲಿ ಉಳಿದದ್ದು ಮಾತ್ರ ಬಚ್ಚಲಲ್ಲೇ ಇತ್ತು.

ಹತ್ತನೆಯ ದಿನದವರೆಗೂ ಕಾಯಲಾಗದೆ ಎಂಟಕ್ಕೇ ಹೋದೆ. ವರದಿ ಬಂದಿರಲಿಲ್ಲ. ಒಂಬತ್ತಕ್ಕೆ ಹೋದೆ. ಬಂದಿರಲಿಲ್ಲ. ಹತ್ತಕ್ಕೆ ಗಂಡನೂ ಅಂಗಡಿ ಮುಚ್ಚಿ ಜೊತೆಗೆ ಬಂದರು. ಡಾಕ್ಟರ್ ಹುಡುಗಿ ಬಾಗಿಲಲ್ಲೇ ನಮ್ಮನ್ನು ಕಂಡು, ನಾವು ಕೂರುವ ಮೊದಲೇ ಹೇಳಿದಳು:

"ಕ್ಯಾನ್ಸರ್ ಇಲ್ರಿ."

ಕೂತ ಮೇಲೆ ಇನ್ನೊಂದು ಸಲ ಹೇಳಿಸಿಕೊಂಡೆ. ರೋಗಕ್ಕೆ ಒಂದು ಹೆಸರಿತ್ತು, ಕೀಲೈಟಿಸ್ ಗ್ಲ್ಯಾಂಡುಲಾರಿಸ್. ಕನ್ನಡದಲ್ಲಿ ಬರೆದುಕೊಡಿ ಎಂದೆ. ಬರೆದುಕೊಟ್ಟಳು. ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ. ಮುಲಾಮು, ಬಿಸಿಲಿಗೆ ಛತ್ರಿ, ತುಟಿಗೆ ಮೇಣ, ಮೂರು ತಿಂಗಳಿಗೊಮ್ಮೆ ತಪಾಸಣೆ, ಬೇಕಾದರೆ ಮುಂದೆ ಊದಿದ ಭಾಗ ಕತ್ತರಿಸುವ ಸಣ್ಣ ಆಪರೇಷನ್. ಮತ್ತು ಮಿಶ್ರಿ ಇವತ್ತಿನಿಂದ ಬಂದ್. "ಇದು ಹೋಗ್ಯಾದ ಅಂತ ತಿಳ್ಕೋಬ್ಯಾಡ್ರಿ. ನಿಗಾ ಇಡಬೇಕು," ಎಂದಳು. ಗಂಡ ಕೈ ಮುಗಿದರು. ಹೊರಗೆ ಬಂದು ಇಬ್ಬರೂ ಒಂದು ಗಾಡಿಯ ಹತ್ತಿರ ನಿಂತು ಕಬ್ಬಿನ ಹಾಲು ಕುಡಿದೆವು. ಅವರು ಎರಡು ಗ್ಲಾಸು ಕುಡಿದರು.

ಹಲ್ಲುಜ್ಜುವ ಪುಡಿಯೇ ಆಗಿದ್ದರೆ ಬಿಡುವುದು ಸುಲಭವಾಗಬೇಕಿತ್ತು. ಮೂರನೆಯ ದಿನಕ್ಕೆ ತಲೆ ಸಿಡಿಯತೊಡಗಿತು. ಬೆಳಿಗ್ಗೆ ಬ್ರಷ್ ಮಾಡಿ ಮುಗಿಸಿದರೂ ತೋರುಬೆರಳು ತಾನಾಗಿ ಬಾಯಿಗೆ ಹೋಗುತ್ತಿತ್ತು. ಐದನೆಯ ದಿನ ಗಂಡನ ಮೇಲೆ ಚಹಾ ಸಪ್ಪಗಿದೆ ಎಂದು ಕೂಗಾಡಿದೆ, ಆ ಚಹಾ ಮಾಡಿದವಳು ನಾನೇ ಎಂದು ಆಮೇಲೆ ನೆನಪಾಯಿತು. ಏಣಿ ಹಾಕಿಕೊಂಡು ಅಟ್ಟ ಹತ್ತಿದ್ದೂ ಉಂಟು. ಡಬ್ಬಿಯ ಬಟ್ಟೆ ಬಿಚ್ಚಿ ಮೂಸಿ ನೋಡಿ, ಮತ್ತೆ ಕಟ್ಟಿ ಇಳಿದೆ. ಚಟ ಎಂಬ ಮಾತಿನ ಅರ್ಥ ನನಗೆ ಅಲ್ಲಿ, ಏಣಿಯ ಮೇಲೆ ತಿಳಿಯಿತು. ಗೇಟಿನ ಹೊರಗೆ ಕಳಿಸಿದ ಆ ತಂದೆ ನೆನಪಾದ. ಅವನನ್ನು ಕಳಿಸಿದ್ದು ತಪ್ಪಲ್ಲ, ಕಳಿಸುವಾಗ ನಾನು ನಿಂತ ಠೀವಿ ಮಾತ್ರ ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಒಂದು ತಿಂಗಳಾದ ಮೇಲೆ, ಹೊಲಿಗೆಯ ಗುರುತು ಮಾಸಿದಾಗ ಔರಾದ ಬಸ್ಸು ಹತ್ತಿದೆ. ಈ ಸಲ ನಡುವೆ ಇಳಿಯಲಿಲ್ಲ. ಅವ್ವ ಅಂಗಳದಲ್ಲಿ ಕುಳಿತು ಕುರಿಮರಿಯೊಂದರ ಕಾಲಿಗೆ ಅರಿಶಿನ ಹಚ್ಚುತ್ತಿದ್ದಳು. ಎಲ್ಲ ಹೇಳಿದೆ, ತುಟಿ, ಹನಿ, ತುಂಡು, ಹತ್ತು ದಿನ. ಜಗಳಕ್ಕೆ ಬೇಕಾದ ಮಾತುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ, ಅವು ಬೇಕಾಗಲಿಲ್ಲ. ಅವ್ವ ಅರಿಶಿನದ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಕೇಳಿಸಿಕೊಂಡಳು.

"ನಿನ್ನ ಬಾಯಾಗ ನಾನೇ ಇಟ್ಟೆ," ಎಂದಳು. "ನಿನಗ ಬೇನಿ ಆಗಿತ್ತು. ಅಳ್ತಿದ್ದಿ."

"ಗೊತ್ತದ ಅವ್ವ."

"ನಿಮ್ಮತ್ತಿಗೂ ಅದರಿಂದನೇ ಆಗಿತ್ತೇನು?"

ಅದು ನನಗೆ ಹೊಳೆದಿದ್ದೂ ಅದೇ ಹತ್ತು ದಿನಗಳಲ್ಲಿ. ಇರಬಹುದು ಎಂದೆ. ಕುರಿಮರಿ ಕುಂಟುತ್ತ ಎದ್ದು ಹೋಯಿತು.

ನಾನು ಅವಳನ್ನು ಬೆಳಕಿಗೆ ತಿರುಗಿಸಿ ಕೂರಿಸಿದೆ. ಸೆರಗಿನ ತುದಿಯಿಂದ ಅವಳ ಕೆಳತುಟಿ ಒರೆಸಿ ಕಾಯ್ದೆ, ಡಾಕ್ಟರ್ ಹುಡುಗಿ ಮಾಡಿದ ಹಾಗೆಯೇ. ಹನಿ ಮೂಡಲಿಲ್ಲ. ತುಟಿ ಚೆನ್ನಾಗಿತ್ತು. ಜೀವ ಹಗುರಾಗಿ, ಇನ್ನು ಬಿಡೋಣ ಎಂದುಕೊಳ್ಳುತ್ತಲೇ ಫೋನಿನ ಬೆಳಕನ್ನು ಒಳಗೆ ಹಾಕಿದೆ. ಬಲಗೆನ್ನೆಯ ಒಳಬದಿಯಲ್ಲಿ, ಅವಳು ಮಿಶ್ರಿ ಕೂರಿಸುವ ಜಾಗದಲ್ಲಿ, ಹುಣಸೆ ಬೀಜದಷ್ಟು ಅಗಲದ ಒಂದು ಬಿಳಿ ಪಟ್ಟಿ ಇತ್ತು. ಒರೆಸಿದರೆ ಹೋಗಲಿಲ್ಲ.

"ಅದು ಹಳೇದು," ಎಂದಳು ಅವ್ವ. "ನೋಯಂಗಿಲ್ಲ."

ಸೋಮವಾರದ ಮೊದಲ ಬಸ್ಸಿಗೆ ಅವ್ವನನ್ನು ಹೊರಡಿಸಿದೆ. ಪೂಜೆ ಮುಗಿಸದೆ ಬರುವುದಿಲ್ಲ ಎಂದಳು, ಪೂಜೆ ಆಯಿತು. ಬ್ರಷ್ ಹಿಡಿಯಲು ಬಾರದು ಎಂದಳು, ಬೇವಿನ ಕಡ್ಡಿ ಕೊಟ್ಟೆ. ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ, ನಾನು ಪಕ್ಕದಲ್ಲಿ ಒಂದೇ ಸಮನೆ ಕಾಲು ಅಲುಗಿಸುತ್ತ. "ಕಾಲ ಸುಮ್ಮ ಇಡು," ಎಂದು ಎರಡು ಸಲ ಹೇಳಿದಳು. ನನಗೆ ನನ್ನ ಹತ್ತು ದಿನಗಳಿಗಿಂತ ಆ ಎರಡು ತಾಸು ದೊಡ್ಡದಾಗಿತ್ತು. ನನ್ನ ತುಟಿಗೆ ಒಂದು ಹೆಸರು ಸಿಕ್ಕಿತ್ತು. ಈ ಬಿಳಿ ಪಟ್ಟಿಗೆ ಯಾವ ಹೆಸರು ಕಾದಿದೆಯೋ ಗೊತ್ತಿರಲಿಲ್ಲ.

ದವಾಖಾನೆಯಲ್ಲಿ ಅದೇ ಕುರ್ಚಿ, ಅದೇ ದೀಪ. ಅವ್ವನನ್ನು ಮೇಲೆ ಕೂರಿಸಿದೆ. ಆ ಹುಡುಗಿ ಅವಳ ಭುಜ ಮುಟ್ಟಿ, ಹತ್ತಿರ ಬಗ್ಗಿ ಕೇಳಿದಳು:

"ಅಜ್ಜಿ, ಹಲ್ಲ ಯಾದರಿಂದ ತಿಕ್ಕತೀರಿ?"

ಅವ್ವ ನನ್ನ ಕಡೆ ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತ ಕಲಿಯುವ ಹುಡುಗರ ಕಡೆ ನೋಡಿದಳು. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಥೇಟು ನನ್ನದೇ ಠೀವಿಯಲ್ಲಿ ಹೇಳಿದಳು:

"ಪೇಸ್ಟಿನಿಂದರಿ. ನನ್ನ ಮಗಳು ಸಾಲಿ ಟೀಚರ್ ಇದ್ದಾಳ."

ಮಗಳ ಮಾನ ಉಳಿಸಲು ಹೇಳಿದ ಸುಳ್ಳು ಅದು. ಬೇರೆ ಯಾವ ದಿನವಾದರೂ ನಾನು ಅದನ್ನು ಉಳಿಯಗೊಡುತ್ತಿದ್ದೆ. ಅವಳ ಕಾಲ ಬಳಿ ಇಟ್ಟಿದ್ದ ಬಟ್ಟೆಯ ಚೀಲಕ್ಕೆ ಕೈ ಹಾಕಿದೆ. ಬೆಳಿಗ್ಗೆ ಬಸ್ಸು ಹತ್ತುವಾಗ ಅವಳು ಅದರಲ್ಲಿ ಏನನ್ನೋ ತುರುಕಿದ್ದನ್ನು ನಾನು ನೋಡಿದ್ದೆ. ನನ್ನದರಂಥದ್ದೇ ಅಲ್ಯೂಮಿನಿಯಂ ಡಬ್ಬಿ ಕೈಗೆ ಸಿಕ್ಕಿತು. ಅದನ್ನು ಎಲ್ಲರೂ ನೋಡುವಂತೆ ಡಾಕ್ಟರ ಮೇಜಿನ ಮೇಲೆ ಇಟ್ಟೆ.

"ಸುಳ್ಳ ಹೇಳ್ತಾಳರಿ," ಅಂದೆ. "ನಾನೂ ಇದನ್ನೇ ಹೇಳ್ತಿದ್ದೆ."

ಅವ್ವ ಡಬ್ಬಿಯನ್ನು ನೋಡಿದಳು, ನನ್ನ ತುಟಿಯನ್ನು ನೋಡಿದಳು. ನನ್ನ ಕೈ ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ದೀಪದ ಕಡೆ ಮುಖ ಮಾಡಿ ಬಾಯಿ ತೆರೆದಳು.